ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ್ರೆ ಬಾವಿಗೆ ಬರೋದು ಹೊಳೆ ನೀರಾ?

ಪ್ರಶ್ನೆ: ಸರ್, ನಮ್ಮದು ಬಂಟ್ವಾಳ ತಾಲೂಕು, ಮನೆ ಹೊಳೆಬದಿಯಲ್ಲೇ. ರಾತ್ರಿ ಜೋರು ಮಳೆ ಹೊಡೆದ್ರೆ ಬೆಳಿಗ್ಗೆಗೆ ಹೊಳೆ ಕೆಂಪಾಗಿ ತುಂಬಿ ಬರ್ತದೆ, ಅದೆಲ್ಲ ಆ ರಾತ್ರಿಯದ್ದೇ ಮಳೆನೀರಾ? ಮತ್ತೆ ಮಳೆಗಾಲ ಮುಗಿದು ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಮೇಲೆ ನಮ್ಮ ಬಾವಿ ನೀರು ಏರ್ತದೆ. ಅದು ಹೊಳೆ ನೀರು, ಕುಡೀಬೇಡಿ ಅಂತಾರೆ ನೆರೆಮನೆಯವ್ರು. ನೀರಿಗೆ ಬಣ್ಣ ಹಾಕಿ ಕಂಡುಹಿಡೀತಾರಂತೆ, ಹೌದಾ?

ಉತ್ತರ: ಬಣ್ಣ ಹಾಕೋದು ಹೌದು, ಹಳೇ ಉಪಾಯ ಅದು. ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿ ಒಂದು ಕಡೆ ಸುಣ್ಣಕಲ್ಲಿನ ಬಿರುಕೊಳಗೆ ಇಂಗಿ ಹೋಗ್ತದೆ. 1877ರಲ್ಲಿ ಅಲ್ಲಿ 10 ಕೆಜಿ ಫ್ಲೋರೆಸಿನ್ ಬಣ್ಣ ಸುರಿದ್ರು, ಸುಮಾರು 60 ಗಂಟೆ ಕಳೆದು ಸುಮಾರು 12 ಕಿಲೋಮೀಟರ್ ಆಚೆ ಆಖ್ ಅನ್ನೋ ಒರತೆಯಲ್ಲಿ ಹಸಿರು ನೀರು ಬಂತು. ಆ ಒರತೆ ನೀರು ಸೇರೋದು ರೈನ್ ನದಿಗೆ, ಅಂದ್ರೆ ಕಪ್ಪು ಸಮುದ್ರಕ್ಕೆ ಹೋಗ್ಬೇಕಾದ ನೀರು ನೆಲದಡಿಯಲ್ಲೇ ದಾರಿ ಬದಲಿಸಿ ಉತ್ತರ ಸಮುದ್ರಕ್ಕೆ ಹೋಗ್ತಾ ಉಂಟು ಅಂತ ಸಾಬೀತಾಯ್ತು. ಕಣ್ಣಿನ ರಕ್ತನಾಳ ನೋಡ್ಲಿಕ್ಕೆ ಡಾಕ್ಟ್ರು ಇಂಜೆಕ್ಷನ್ ಕೊಡೋದೂ ಇದೇ ಬಣ್ಣ, ಹಾಗಾಗಿ ವಿಷ ಅಂತ ಹೆದರೋದು ಬೇಡ. ಆದ್ರೆ ಬಿಸಿಲಿಗೆ ಬೇಗ ಮಾಸ್ತದೆ, ಮತ್ತೆ ತುಂಬೆಯಲ್ಲಿ ಇಡೀ ಮಂಗಳೂರಿಗೆ ಕುಡಿಯೋ ನೀರು ಎತ್ತುವಾಗ ಮೇಲಿಂದ ಯಾರೋ ನೇತ್ರಾವತಿಗೆ ಹಸಿರು ಬಣ್ಣ ಬಿಟ್ರೆ ಏನಾಗ್ಬೋದು ಯೋಚ್ನೆ ಮಾಡಿ ಮಾರಾಯ್ರೆ, ಅನುಮತಿ ಇಲ್ಲದೆ ಕೈ ಹಾಕೋ ಕೆಲಸ ಅಲ್ಲ.

ಸಣ್ಣ ತೋಡಿಗೆ ಅಡಿಗೆ ಉಪ್ಪು ಸಾಕು. ಬಕೆಟಲ್ಲಿ ಉಪ್ಪು ಕರಗಿಸಿ ಒಮ್ಮೆಲೇ ಸುರೀಬೇಕು, ಸ್ವಲ್ಪ ಕೆಳಗೆ ನೀರಿನ ವಿದ್ಯುತ್ ವಾಹಕತೆ ಅಳೆಯೋ ಮೀಟರ್ ಹಿಡ್ಕೊಂಡು ನಿಲ್ಬೇಕು. ಮೊದ್ಲು ಎಂತ ಇಲ್ಲ, ಆಮೇಲೆ ರೀಡಿಂಗ್ ದಡದಡ ಏರ್ತದೆ, ಇಳಿಯೋವಾಗ ಮಾತ್ರ ಎಳ್ಕೊಂಡು ಎಳ್ಕೊಂಡು ಇಳೀತದೆ. ಆ ಬಾಲವೇ ನಮಗೆ ಬೇಕಾದದ್ದು, ಯಾಕಂದ್ರೆ ಗುಂಡಿಯಲ್ಲಿ ಸುತ್ತು ಹೊಡೆದ ನೀರು, ಮರಳಿನ ಸಂದಿಗೆ ಹೋಗಿ ತಡವಾಗಿ ವಾಪಸ್ ಬಂದ ನೀರು, ಎಲ್ಲದರ ಲೆಕ್ಕ ಅದ್ರಲ್ಲೇ ಉಂಟು.

ಇಡೀ ಹೊಳೆಗೆ, ಅದೂ ನೆರೆ ಬಂದಾಗ, ಉಪ್ಪು ಬಣ್ಣ ಯಾವುದೂ ನಡೆಯೋದಿಲ್ಲ. ಅಲ್ಲಿ ಮಳೆಯೇ ತಂದ ಗುರುತು ಹುಡುಕ್ಬೇಕು. ನೀರಿನ ಕಣಗಳಲ್ಲಿ ಕೆಲವು ತೂಕದವು, ಸುಮಾರು 500ರಲ್ಲಿ ಒಂದು ಆಕ್ಸಿಜನ್ ಪರಮಾಣು ಮಾಮೂಲಿ 16 ತೂಕದ್ದಲ್ಲ, 18 ತೂಕದ್ದು. ಈ ಪ್ರಮಾಣ ಎಲ್ಲಾ ಮಳೆಯಲ್ಲೂ ಒಂದೇ ಅಲ್ಲ. ಮೋಡ ಘಟ್ಟ ಹತ್ತುವಾಗ ತೂಕದ ಕಣ ಮೊದ್ಲೇ ಉದುರ್ತದೆ, ಹಾಗಾಗಿ ಕುದುರೆಮುಖದ ಮೇಲಿನ ಮಳೆ ಕಡಲಬದಿ ಪಣಂಬೂರಿನ ಮಳೆಗಿಂತ ಸಾಮಾನ್ಯವಾಗಿ ಹಗುರ. ಬಹಳ ಜೋರು ಮಳೆಯ ನೀರೂ ಹಗುರ ಇರ್ತದೆ.

ಈಗ ಲೆಕ್ಕ ನೋಡಿ. ಸಮುದ್ರದ ನೀರಿಗಿಂತ ತೂಕದ ಕಣ ಸಾವಿರಕ್ಕೆ ಎಷ್ಟು ಪಾಲು ಕಮ್ಮಿ ಅನ್ನೋದನ್ನ ಮೈನಸ್ ಹಾಕಿ ಹೇಳ್ತಾರೆ. ಉದಾಹರಣೆಗೆ ಮಳೆಗೆ ಮೊದ್ಲು ಹೊಳೆ ನೀರಿನ ಅಳತೆ ಮೈನಸ್ 2, ರಾತ್ರಿ ಬಿದ್ದ ಮಳೆಯದ್ದು ಮೈನಸ್ 6, ಬೆಳಿಗ್ಗೆ ನೆರೆ ನೀರಿನದ್ದು ಮೈನಸ್ 3 ಅಂತಿಟ್ಕೊಳ್ಳಿ. 2ರಿಂದ 6ರವರೆಗಿನ ನಾಲ್ಕು ಹೆಜ್ಜೆಯಲ್ಲಿ ಹೊಳೆ ಸರಿದದ್ದು ಒಂದೇ ಹೆಜ್ಜೆ, ಅಂದ್ರೆ ಹೊಸ ಮಳೆ ಕಾಲು ಪಾಲು, ಉಳಿದ ಮುಕ್ಕಾಲು ಮೊದ್ಲೇ ಗುಡ್ಡೆಯೊಳಗೆ ಕೂತಿದ್ದ ನೀರು! 1970ರ ದಶಕದಿಂದ ಮಳೆ ಜಾಸ್ತಿ ಬೀಳೋ ದೇಶಗಳಲ್ಲಿ ಹೀಗೆ ಅಳೆದಾಗ ಕಾಡಿನ ಸಣ್ಣ ಹಳ್ಳಗಳ ನೆರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಳೇ ನೀರೇ ಅಂತ ಎಷ್ಟೋ ಕಡೆ ಸಿಕ್ಕಿತು.

ಹಾಗಾದ್ರೆ ಹೊಳೆ ಅಷ್ಟು ಬೇಗ ಏರಿದ್ದು ಹೇಗೆ? ತೋಟಕ್ಕೆ ಬಿಡೋ ಪೈಪು ಮೊದ್ಲೇ ತುಂಬಿದ್ರೆ ಪಂಪ್ ಹಾಕಿದ ಕೂಡ್ಲೇ ತುದಿಯಲ್ಲಿ ನೀರು ಹಾರ್ತದೆ, ಆದ್ರೆ ಅದು ಈಗ ಕೆರೆಯಿಂದ ಎತ್ತಿದ ನೀರಲ್ಲ, ಪೈಪಲ್ಲಿದ್ದ ನೀರು. ಒತ್ತಡ ಮುಟ್ಟೋದು ಬೇಗ, ನೀರು ಮುಟ್ಟೋದು ತಡ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ತೂತಲ್ಲಿ ಮಳೆ ಬೇಗ ಇಳೀತದೆ, ಕೆಳಗಿನ ಶೇಡಿ ಮಣ್ಣು, ಅಂದ್ರೆ ಜೇಡಿಯಂಥ ಮಣ್ಣು, ಸುಲಭಕ್ಕೆ ಬಿಡೋದಿಲ್ಲ, ಆಗ ಅಲ್ಲಿ ನಿಂತ ನೀರು ಅಡ್ಡಕ್ಕೆ ತಳ್ಳಿಸ್ಕೊಂಡು ತೋಡಿಗೆ ಬರ್ತದೆ. ಬೋಳು ಪಾರೆಯ ಪದವು, ಕಾಂಕ್ರೀಟ್ ಹಾಕಿದ ಪೇಟೆ, ಇಲ್ಲೆಲ್ಲ ಮಾತ್ರ ಹೊಸ ನೀರಿನ ಪಾಲು ಸಹಜವಾಗಿ ಜಾಸ್ತಿ. ಮತ್ತೆ ಕೆಂಪು ನೋಡಿ ಮೋಸ ಹೋಗ್ಬೇಡಿ, ಅದು ಮಣ್ಣಿನ ಬಣ್ಣ, ಸ್ವಲ್ಪ ಹೊಸ ನೀರು ಮಣ್ಣು ಕೊಚ್ಚಿ ತಂದ್ರೂ ಇಡೀ ಹೊಳೆ ಕೆಂಪಾಗ್ತದೆ.

ನಿಮ್ಮ ಬಾವಿ ವಿಷಯವೂ ಇದೇ. ಹಲಗೆ ಹಾಕಿದಾಗ ಹೊಳೆ ಮಟ್ಟ ಏರ್ತದೆ, ಗುಡ್ಡೆಯಿಂದ ಹೊಳೆಗೆ ಇಳೀತಿದ್ದ ಅಂತರ್ಜಲಕ್ಕೆ ಹೋಗ್ಲಿಕ್ಕೆ ಇಳಿಜಾರು ಸಾಲೋದಿಲ್ಲ, ಅದು ಹಿಂದೆ ನಿಂತು ಬಾವಿ ಏರ್ತದೆ. ಹಾಗಾದ್ರೆ ಬಾವಿಯಲ್ಲಿರೋದು ನಿಮ್ಮದೇ ಗುಡ್ಡೆಯ ನೀರು. ಇಲ್ಲ, ಬಾವಿ ಮಟ್ಟ ಹೊಳೆಗಿಂತ ಕೆಳಗಿದ್ದು ನೀವು ಪಂಪಲ್ಲಿ ಎಳೀತಾ ಇದ್ರೆ ಹೊಳೆ ನೀರೂ ಬರ್ಬೋದು. ಬರೀ ಬಾವಿ ಏರಿದ್ದು ನೋಡಿ ಇದನ್ನ ಹೇಳ್ಲಿಕ್ಕಾಗೋದಿಲ್ಲ.

ಉಪ್ಪಿನಂಶ ನೋಡಿ ಹೇಳೋಣ ಅಂದ್ರೆ ಕರಾವಳಿಯಲ್ಲಿ ಮಳೆಯೇ ಸಮುದ್ರದ ಉಪ್ಪು ತರ್ತದೆ, ಹೊಳೆಯ ಕೆಳತುದಿಗೆ ಭರತದ (ಸಮುದ್ರದ ಉಬ್ಬರದ) ನೀರು ಬೇರೆ, ನನಗೆ ಅದ್ರ ಮೇಲೆ ಭರವಸೆ ಕಮ್ಮಿ. ಆಕ್ಸಿಜನ್, ಹೈಡ್ರೋಜನ್ ಎರಡರಲ್ಲೂ ತೂಕದ ಪರಮಾಣು ಎಷ್ಟು ಅಂತ ಅಳೆಯೋದು ಒಳ್ಳೇದು. ಅಣೆಕಟ್ಟಿನ ಹಿಂದೆ ತಿಂಗಳುಗಟ್ಟಲೆ ಬಿಸಿಲಿಗೆ ನಿಂತ ನೀರು ಆವಿಯಾಗಿ ತೂಕದ ಕಣ ಉಳಿಸ್ಕೊಳ್ತದೆ, ನೆಲದೊಳಗಿನ ನೀರಿಗೆ ಈ ಗುರುತು ಇರೋದಿಲ್ಲ. ಬಾವಿಯಲ್ಲಿ ಆ ಗುರುತು ಕಂಡ್ರೆ ನೆರೆಮನೆಯವ್ರು ಹೇಳಿದ್ದು ಸರಿ. ಕುಡೀಬಹುದಾ ಅನ್ನೋದು ಮಾತ್ರ ಬೇರೆ ಪ್ರಶ್ನೆ, ಯಾವ ನೀರಾದ್ರೂ ಬ್ಯಾಕ್ಟೀರಿಯಾ ಟೆಸ್ಟ್ ಮಾಡಿಸ್ಲೇಬೇಕು, ಅಲ್ಲಿವರೆಗೆ ಕುದಿಸಿ ಕುಡೀರಿ.

ಸ್ಯಾಂಪಲ್ ತೆಗೆಯೋದಾದ್ರೆ ಮಾರ್ಚ್ ಕೊನೆಗೆ, ಬೇಸಿಗೆ ಮಳೆ ಬೀಳೋ ಮೊದ್ಲು ತೆಗೀರಿ. ಬಾವಿಯ ಮೇಲ್ಮೈಯ ನೀರು ಬೇಡ, ಅದಕ್ಕೂ ಬಿಸಿಲು ತಾಗಿರ್ತದೆ, ಮೋಟರ್ ಸ್ವಲ್ಪ ಹೊತ್ತು ಓಡಿಸಿ ಆಮೇಲೆ ಹಿಡೀರಿ. ಬಾಟ್ಲಿ ಕಂಠದವರೆಗೆ ತುಂಬಿಸಿ, ಒಳಗೆ ಗಾಳಿಗುಳ್ಳೆ ಇರ್ಬಾರ್ದು, ಮುಚ್ಚಳ ಗಟ್ಟಿ. ಅದೇ ದಿನ ಹೊಳೆಯದ್ದೊಂದು, ಗುಡ್ಡೆ ಮೇಲಿನ ಯಾರದ್ದಾದ್ರೂ ಬಾವಿಯದ್ದೊಂದು ಬೇಕು, ಹೋಲಿಸ್ಲಿಕ್ಕೆ. ಇದು ಮಾಮೂಲಿ ನೀರಿನ ಲ್ಯಾಬಲ್ಲಿ ಆಗೋ ಟೆಸ್ಟ್ ಅಲ್ಲ, ಸುರತ್ಕಲ್ ಎನ್ಐಟಿಕೆಯ ಜಲ ಸಂಪನ್ಮೂಲ ವಿಭಾಗದಲ್ಲೋ ಬೆಳಗಾವಿಯಲ್ಲಿರೋ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಕೇಂದ್ರದಲ್ಲೋ ಮೊದ್ಲು ವಿಚಾರಿಸಿ, ಆಮೇಲೆ ಬಾಟ್ಲಿ ತುಂಬಿಸಿ.