ಮಾರ್ಮನ್ ಇತಿಹಾಸದ ದಾಖಲೆಗಳೆಲ್ಲ ಚರ್ಚಿನ ಬಳಿಯೇ ಇರುವಾಗ, ಬೇರೆ ಸಂಶೋಧನಾ ಗ್ರಂಥಾಲಯ ಏನನ್ನು ಸಂಗ್ರಹಿಸಬೇಕು?

ನೀವು ಕೇಳಿರುವುದು: ಅಮೆರಿಕದಲ್ಲಿ ಗ್ರಂಥಾಲಯ ವಿಜ್ಞಾನ ಓದುತ್ತಿದ್ದೀರಿ, ಪಶ್ಚಿಮದ ಕಡೆಯ ಒಂದು ಲೈಬ್ರರಿಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ, ಅಲ್ಲಿನ ಮಾರ್ಮನ್ ಹಸ್ತಪ್ರತಿ ವಿಭಾಗಕ್ಕೆ ಹಾಕಿದ್ದಾರೆ. (ಮಾರ್ಮನ್ನರು ಅಂದರೆ ಜೋಸೆಫ್ ಸ್ಮಿತ್ ಎಂಬುವನು 1830ರಲ್ಲಿ ಅಮೆರಿಕದಲ್ಲಿ ಕಟ್ಟಿದ ಕ್ರೈಸ್ತ ಪಂಥದವರು.) ಅವರ ಚರ್ಚಿನ ಕೇಂದ್ರವಾದ ಸಾಲ್ಟ್ ಲೇಕ್ ಸಿಟಿಯಲ್ಲಿ ಚರ್ಚಿನ ದೊಡ್ಡ ಗ್ರಂಥಾಲಯವೇ ಇರುವಾಗ ಉಳಿದವರಿಗೆ ಏನು ಮಿಕ್ಕಿದೆ, ದುಡ್ಡಿದ್ದರೆ ಸಾಕೇ ಅಂತ ಕೇಳಿದ್ದೀರಿ. ನಾನು ಮಾರ್ಮನ್ ಅಲ್ಲ, ತೀರ್ಥಹಳ್ಳಿ ಕಡೆಯವನು. ಇಂಥದೇ ಒಂದು ಲೈಬ್ರರಿಯಲ್ಲಿ ಹನ್ನೊಂದು ವರ್ಷ ಹಸ್ತಪ್ರತಿಗಳ ಕ್ಯಾಟಲಾಗ್ ಮಾಡಿದ್ದೇನೆ. ಆ ಅನುಭವದ ಮೇಲೆ ಹೇಳುತ್ತೇನೆ: ದುಡ್ಡು ಮೂರನೆಯ ವಿಷಯ. ಮೊದಲನೆಯದು ಜನರ ಮನೆ, ಎರಡನೆಯದು ಕಾಗದ ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವ ಲೆಕ್ಕ.

ಈ ಜನ ಇಷ್ಟೊಂದು ಯಾಕೆ ಬರೆದಿಟ್ಟರು ಅಂತ ಮೊದಲು ತಿಳಿಯಬೇಕು. 1830ರ ಏಪ್ರಿಲ್ 6ರಂದು, ಚರ್ಚು ಹುಟ್ಟಿದ ದಿನವೇ, ನಿಮ್ಮಲ್ಲಿ ದಾಖಲೆ ಇಡತಕ್ಕದ್ದು ಎಂಬ ಆದೇಶ ಜೋಸೆಫ್ ಸ್ಮಿತ್‌ಗೆ ಬಂತು ಅಂತ ಅವರ ನಂಬಿಕೆ. ಹಾಗಾಗಿ ಗಾಡಿ ಹೊಡೆಯುವವನು, ಬಡಗಿ, ಸೂಲಗಿತ್ತಿ ಎಲ್ಲರೂ ದಿನಚರಿ ಬರೆದರು. ಆದರೆ ಬರೆದದ್ದೆಲ್ಲ ಚರ್ಚಿನ ಕೈಯಲ್ಲಿ ಉಳಿಯಲಿಲ್ಲ. ಇತಿಹಾಸ ಬರೆಯಲು ನೇಮಕಗೊಂಡ ಜಾನ್ ವಿಟ್ಮರ್‌ನನ್ನು 1838ರಲ್ಲಿ ಬಹಿಷ್ಕರಿಸಿದಾಗ ಅವನು ಪುಸ್ತಕವನ್ನು ಕೊಡಲು ಒಪ್ಪಲಿಲ್ಲ. ಅವರ ಧರ್ಮಗ್ರಂಥವಾದ ಬುಕ್ ಆಫ್ ಮಾರ್ಮನ್‌ನ ಮೂಲ ಹಸ್ತಪ್ರತಿಯನ್ನು ಸ್ವತಃ ಸ್ಮಿತ್ 1841ರಲ್ಲಿ ನೌವೂ ಊರಿನ ಒಂದು ಕಟ್ಟಡದ ಮೂಲೆಗಲ್ಲಿನೊಳಗೆ ಇಟ್ಟ. 1882ರಲ್ಲಿ ತೆಗೆದು ನೋಡಿದರೆ ನೀರು ಇಳಿದು ಬೂಷ್ಟು ಹಿಡಿದಿತ್ತು. ಇವತ್ತು ಉಳಿದಿರುವುದು ನೂರಕ್ಕೆ 28 ಪಾಲು. ಮುದ್ರಣಕ್ಕೆಂದು ಮಾಡಿದ ಎರಡನೇ ಪ್ರತಿ ಜಾನ್‌ನ ತಮ್ಮ ಡೇವಿಡ್ ವಿಟ್ಮರ್ ಮನೆತನದಲ್ಲಿತ್ತು. 1903ರಲ್ಲಿ ಅದನ್ನು ಇನ್ನೊಂದು ಶಾಖೆಯ ಚರ್ಚು 2,450 ಡಾಲರಿಗೆ ಕೊಂಡಿತು, 2017ರಲ್ಲಿ ಸಾಲ್ಟ್ ಲೇಕ್‌ನ ಚರ್ಚು ಅದನ್ನೇ 3.5 ಕೋಟಿ ಡಾಲರ್ ಕೊಟ್ಟು ತಂದಿತು. ನಿಮ್ಮ ಲೈಬ್ರರಿ ಈ ಆಟಕ್ಕೆ ಇಳಿಯುವುದು ಬೇಡ. ಇಳಿಯಲು ಆಗುವುದೂ ಇಲ್ಲ.

ಹೊರಗಿನ ಗ್ರಂಥಾಲಯಗಳು ಇದಕ್ಕೆ ಕೈ ಹಾಕಿದ್ದು ಹೊಸತೇನಲ್ಲ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಗೆ 1899ರಲ್ಲೇ ಬೆರಿಯನ್ ಎಂಬುವರ ಸಂಗ್ರಹ ಇಡಿಯಾಗಿ ಸೇರಿತು. ಕ್ಯಾಲಿಫೋರ್ನಿಯಾದ ಬ್ಯಾಂಕ್ರಾಫ್ಟ್, ಯೇಲ್, ಪ್ರಿನ್ಸ್‌ಟನ್‌ಗಳಲ್ಲಿ ದೊಡ್ಡ ಸಂಗ್ರಹಗಳಿವೆ. ಇವುಗಳಲ್ಲಿ ಬಹುಪಾಲು ಶ್ರೀಮಂತರು ಕೊಂಡು ಕೊಟ್ಟದ್ದು.

ನನಗೆ ಮಾದರಿ ಅನ್ನಿಸುವುದು ಬೇರೆ ಬಗೆಯದು. ಜುವಾನಿಟಾ ಬ್ರೂಕ್ಸ್ ಅಂತ ಒಬ್ಬರಿದ್ದರು. ದಕ್ಷಿಣ ಯೂಟಾದ ಸೇಂಟ್ ಜಾರ್ಜ್‌ನಲ್ಲಿ ಇಂಗ್ಲಿಷ್ ಮೇಡಂ, ಮನೆ ತುಂಬ ಮಕ್ಕಳು, ನಿಷ್ಠಾವಂತ ಮಾರ್ಮನ್. 1930ರ ದಶಕದ ಆರ್ಥಿಕ ಕುಸಿತದಲ್ಲಿ ಸರ್ಕಾರ ಕೆಲಸವಿಲ್ಲದವರಿಗೆ ಕೂಲಿ ಕೊಡುತ್ತಿತ್ತಲ್ಲ, ಆ ಹಣದಲ್ಲಿ ಊರಿನ ಹೆಂಗಸರನ್ನು ಕೂರಿಸಿಕೊಂಡು ಹಳಬರ ದಿನಚರಿಗಳನ್ನು ಟೈಪ್ ಮಾಡಿಸಿದರು. ಮುಂದೆ 1940ರ ದಶಕದ ನಡುವಿನಲ್ಲಿ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಲೈಬ್ರರಿ ರಾಕ್‌ಫೆಲ್ಲರ್ ಫೌಂಡೇಶನ್ ಹಣದ ನೆರವಿನಿಂದ ಅವರನ್ನೇ ತನ್ನ ಪರವಾಗಿ ಊರೂರು ತಿರುಗಿ ಕಾಗದ ಹುಡುಕಲು ನೇಮಿಸಿತು. ಆ ಲೈಬ್ರರಿ ಎಷ್ಟೋ ದಿನಚರಿಗಳನ್ನು ಇಟ್ಟುಕೊಳ್ಳಲೇ ಇಲ್ಲ: ತರಿಸಿಕೊಂಡು, ನಕಲು ತೆಗೆದು, ಮೂಲವನ್ನು ಮನೆಯವರಿಗೆ ಹಿಂದಿರುಗಿಸಿತು. ಅಜ್ಜನ ಪುಸ್ತಕ ಮನೆಯ ಪೆಟ್ಟಿಗೆಗೇ ವಾಪಸ್ ಬರುತ್ತದೆ ಅಂತ ಗೊತ್ತಾದ ಮೇಲೆ ಪಕ್ಕದ ಮನೆಯವರೂ ಅಟ್ಟ ಹತ್ತಿದರು. ನಮ್ಮ ಕಡೆ ಓಲೆಗರಿ ಕಟ್ಟು ಕೇಳಿಕೊಂಡು ಹಳೇ ಮನೆಗಳಿಗೆ ಹೋದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮೊದಲ ದಿನ ಕಾಫಿ ಕೊಟ್ಟು ಏನೂ ಇಲ್ಲ ಅನ್ನುತ್ತಾರೆ, ಮೂರನೇ ಸಲ ಹೋದಾಗ ದೇವರ ಕೋಣೆಯಿಂದ ಕಟ್ಟು ಹೊರಗೆ ಬರುತ್ತದೆ.

ಬ್ರೂಕ್ಸ್ ಹೋಗಿ ಮುಟ್ಟಿದ್ದು ಆ ಸೀಮೆಯವರು ಬಾಯಿ ಬಿಡದ ಸಂಗತಿಯನ್ನು. 1857ರ ಸೆಪ್ಟೆಂಬರಿನಲ್ಲಿ ಮೌಂಟನ್ ಮೆಡೋಸ್ ಎಂಬಲ್ಲಿ, ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ಸುಮಾರು 120 ವಲಸಿಗರನ್ನು ಸ್ಥಳೀಯ ಮಾರ್ಮನ್ ಪಡೆ ಕೊಂದಿತ್ತು. ಇಪ್ಪತ್ತು ವರ್ಷದ ಮೇಲೆ ಶಿಕ್ಷೆಯಾದದ್ದು ಜಾನ್ ಡಿ. ಲೀ ಒಬ್ಬನಿಗೆ. ಅದೇ ಜಾಗದಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಬ್ರೂಕ್ಸ್ 1950ರಲ್ಲಿ ಆ ಹತ್ಯೆಯ ಬಗ್ಗೆ ಪುಸ್ತಕ ತಂದರು, 1955ರಲ್ಲಿ ಹಂಟಿಂಗ್ಟನ್ನಿನಲ್ಲಿದ್ದ ಲೀಯ ದಿನಚರಿಗಳನ್ನು ರಾಬರ್ಟ್ ಕ್ಲೆಲ್ಯಾಂಡ್ ಜೊತೆ ಸಂಪಾದಿಸಿದರು. ಊರಿನ ಕೆಲವರು ಮುಖ ತಿರುಗಿಸಿದರು, ಆದರೂ ಅವರು ಚರ್ಚು ಬಿಡಲಿಲ್ಲ, ಊರನ್ನೂ ಬಿಡಲಿಲ್ಲ. ಹೊರಗಿನ ಗ್ರಂಥಾಲಯ ಯಾಕೆ ಬೇಕು ಅನ್ನುವ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ಮನೆಯವರಿಗೆ ಚರ್ಚಿಗೂ ಕೊಡಲು ಮನಸ್ಸಿಲ್ಲ, ಸುಡಲೂ ಮನಸ್ಸಿಲ್ಲ ಅನ್ನುವಂಥ ಕಾಗದಗಳಿರುತ್ತವೆ. ಅವಕ್ಕೊಂದು ಮೂರನೇ ಮನೆ ಬೇಕು.

ಈಗ ನಾನು ಹೇಳಿದ ಎರಡನೆಯದು, ಕಾಗದ ಯಾರ ಕೈಯಿಂದ ಬಂತು ಅನ್ನುವ ಲೆಕ್ಕ. ಅದಕ್ಕೆ ಹಾಫ್‌ಮನ್ ವಿಷಯ ತಿಳಿದಿರಬೇಕು. ನೀವು ಹೋದ ದಿನವೇ ಯಾರಾದರೂ ಈ ಹೆಸರು ಎತ್ತುತ್ತಾರೆ. ಮಾರ್ಕ್ ಹಾಫ್‌ಮನ್ 1980ರಿಂದ ಐದಾರು ವರ್ಷ ಹಳೇ ದಾಖಲೆಗಳ ವ್ಯಾಪಾರಿಯಾಗಿ ಮೆರೆದ. ಇದ್ದವೆಂದು ಇತಿಹಾಸದಲ್ಲಿ ಉಲ್ಲೇಖವಿದ್ದು ಕಳೆದುಹೋದ ಕಾಗದಗಳನ್ನು ಹುಡುಕಿ ತರುತ್ತಿದ್ದ, ಅಂದರೆ ತಯಾರಿಸುತ್ತಿದ್ದ! ಕಾಗದಕ್ಕೆ ಹಳೇ ಪುಸ್ತಕಗಳ ಖಾಲಿ ಹಾಳೆ, ಮಸಿ ಹಳೇ ಪಾಕದ ಪ್ರಕಾರ ತಾನೇ ಕಾಯಿಸಿದ್ದು. 1830ರ ತಾರೀಖು ಹೊತ್ತ, ಚರ್ಚಿನ ಹುಟ್ಟಿನ ಕಥೆಯೊಳಗೆ ಸಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯನ್ನು ತರುವ ಅವನ ‘ಸಾಲಮ್ಯಾಂಡರ್ ಪತ್ರ’ವನ್ನು ಸ್ಟೀವನ್ ಕ್ರಿಸ್ಟೆನ್ಸನ್ 40,000 ಡಾಲರಿಗೆ ಕೊಂಡು ಚರ್ಚಿಗೆ ಕೊಟ್ಟರು. ಆಮೇಲೆ ಹಾಫ್‌ಮನ್ ವಿಲಿಯಂ ಮೆಕ್‌ಲೆಲ್ಲಿನ್ ಎಂಬ ಮೊದಲ ತಲೆಮಾರಿನ ಧರ್ಮದೂತನ ಕಾಗದಗಳು ತನ್ನ ಬಳಿ ಇವೆ ಅಂತ ಹೇಳಿ, ಇಲ್ಲದ ಮಾಲಿಗೆ ಹಣ ಎತ್ತಿದ. ಕೊಡುವ ದಿನ ಹತ್ತಿರ ಬಂದಾಗ, 1985ರ ಅಕ್ಟೋಬರ್ 15ರಂದು, ಬಾಂಬ್ ಇಟ್ಟು ಕ್ರಿಸ್ಟೆನ್ಸನ್ ಮತ್ತು ಕ್ಯಾಥ್ಲೀನ್ ಶೀಟ್ಸ್ ಇಬ್ಬರನ್ನು ಕೊಂದ. ಮರುದಿನ ಅವನ ಕಾರಿನಲ್ಲೇ ಬಾಂಬ್ ಸಿಡಿದು ಗಾಯಗೊಂಡ. ಥ್ರಾಕ್‌ಮಾರ್ಟನ್, ಫ್ಲಿನ್ ಎಂಬ ಇಬ್ಬರು ತಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವನ ಮಸಿ ಮೊಸಳೆ ಚರ್ಮದ ಹಾಗೆ ಬಿರುಕು ಬಿಟ್ಟದ್ದು ಕಂಡಿತು. 1987ರಲ್ಲಿ ತಪ್ಪೊಪ್ಪಿಕೊಂಡ.

ಕೊಲೆಯ ಕಥೆ ಎಲ್ಲರೂ ಹೇಳುತ್ತಾರೆ. ಗ್ರಂಥಪಾಲಕರಾದ ನಮಗೆ ನಾಚಿಕೆಯಾಗುವುದು ಅದರ ಬಾಲದಲ್ಲಿದೆ. ಎಲ್ಲರೂ ಅಷ್ಟು ಹಂಬಲಿಸಿದ ಮೆಕ್‌ಲೆಲ್ಲಿನ್ ಕಾಗದಗಳಲ್ಲಿ ಒಂದು ಭಾಗ, ಅವನ ದಿನಚರಿಗಳು, ಚರ್ಚಿನ ಸ್ವಂತ ಭದ್ರಕೋಣೆಯಲ್ಲೇ ಇದ್ದವು. 1908ರಲ್ಲೇ ಕೊಂಡು ಇಟ್ಟಿದ್ದು, ಯಾರಿಗೂ ನೆನಪಿರಲಿಲ್ಲ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. ಕ್ಯಾಟಲಾಗ್ ಕಾಣದ ಪೆಟ್ಟಿಗೆ ಅಂದರೆ ಇದೇ. ಎಲ್ಲ ಲೈಬ್ರರಿಯಲ್ಲೂ ಇರುತ್ತದೆ, ನಿಮ್ಮದರಲ್ಲೂ.

ಹಾಗಾದರೆ ಮಿಕ್ಕಿರುವುದು ಏನು? ಬೇಕಾದಷ್ಟು. ಇಪ್ಪತ್ತನೇ ಶತಮಾನದ ಕಾಗದವನ್ನು ಹಳೆಯದಲ್ಲ ಅಂತ ಜನ ಎಸೆಯುತ್ತಿದ್ದಾರೆ. ಹೊರದೇಶಕ್ಕೆ ಧರ್ಮಪ್ರಚಾರಕ್ಕೆ ಹೋದ ಹುಡುಗರು ಮನೆಗೆ ಬರೆದ ಪತ್ರ, ಹೆಂಗಸರ ರಿಲೀಫ್ ಸೊಸೈಟಿಯ ನಡಾವಳಿ, ಚರ್ಚು ಬಿಟ್ಟವರ ಕಾಗದ, ಡೇನಿಷ್ ಮತ್ತು ವೆಲ್ಷ್ ಭಾಷೆಯ ಕರಪತ್ರ. ನಮಗೂ ಒಂದು ಎಳೆ ಇದೆ. 1853ರಲ್ಲಿ ‘ಮಾನ್ಸೂನ್’ ಎಂಬ ಹಡಗಿನಲ್ಲಿ 13 ಜನ ಧರ್ಮಪ್ರಚಾರಕರು ಕಲ್ಕತ್ತೆಗೆ ಬಂದಿಳಿದರು. ಅವರಲ್ಲಿ ರಿಚರ್ಡ್ ಬ್ಯಾಲಂಟೈನ್, ರಾಬರ್ಟ್ ಸ್ಕೆಲ್ಟನ್ ಮದ್ರಾಸಿಗೆ ಬಂದು ಅಲ್ಲೇ ಅಚ್ಚು ಹಾಕಿಸಿ ಹಂಚಿದರು. ಜನ ಸೇರಲಿಲ್ಲ, ಕೆಲವೇ ವರ್ಷದಲ್ಲಿ ಹೊರಟುಹೋದರು. ಅಂಥ ಒಂದು ಮದ್ರಾಸ್ ಮುದ್ರಣ ಯಾವುದಾದರೂ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕರೆ ನನಗೆ ಬುಕ್ ಆಫ್ ಮಾರ್ಮನ್ ಮೊದಲ ಮುದ್ರಣಕ್ಕಿಂತ ಹೆಚ್ಚು ಖುಷಿಯಾಗುತ್ತದೆ. ಆ ಮೊದಲ ಮುದ್ರಣ 5,000 ಪ್ರತಿ ಹೊರಬಂದಿತ್ತು, ಕೊಳ್ಳಲು ನೂರು ಜನ ಇದ್ದಾರೆ. ನಿಮ್ಮಲ್ಲಿರುವ ಮುದ್ರಿತ ವಸ್ತು ಅಪರೂಪವೋ ಅಲ್ಲವೋ ನೋಡಲು 1978ರಲ್ಲಿ ಚಾಡ್ ಫ್ಲೇಕ್ ಹೊರತಂದ ಗ್ರಂಥಸೂಚಿ ಇದೆ, 1830ರಿಂದ 1930ರವರೆಗಿನ 10,000ಕ್ಕೂ ಹೆಚ್ಚು ನಮೂದುಗಳು. 

ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಒಬ್ಬ ಅಜ್ಜಿ ತನ್ನ ಮುತ್ತಜ್ಜನ ದಿನಚರಿ ತಂದುಕೊಟ್ಟರು, ನಾನು ಖುಷಿಯಲ್ಲಿ ಅವತ್ತೇ ದಾನಪತ್ರಕ್ಕೆ ಸಹಿ ಹಾಕಿಸಿಕೊಂಡೆ. ಬೇರೆ ವಾರಸುದಾರರು ಇದ್ದಾರಾ ಅಂತ ಕೇಳಲಿಲ್ಲ. ಬಹುಪತ್ನಿತ್ವದ ಕಾಲದ ಮನೆತನ, ಮುತ್ತಜ್ಜನಿಗೆ ನಾಲ್ಕು ಹೆಂಡಿರು! ಎರಡನೇ ಹೆಂಡತಿಯ ಕಡೆಯವರು ವಕೀಲರ ಕಾಗದ ಕಳಿಸಿದರು. ಒಂದೂವರೆ ವರ್ಷದ ಮೇಲೆ ದಿನಚರಿ ವಾಪಸ್ ಹೋಯಿತು, ನಮಗೆ ಉಳಿದದ್ದು ಸ್ಕ್ಯಾನ್ ಮಾತ್ರ. ಆಮೇಲೆ ಯಾರೇ ಬಂದರೂ ಮೊದಲು ವಂಶವೃಕ್ಷ ಬರೆಸಿಕೊಳ್ಳುತ್ತಿದ್ದೆ. ಆ ಜನಕ್ಕೆ ವಂಶಾವಳಿ ಬಾಯಿಪಾಠ, ಕೇಳಿದರೆ ಸಂತೋಷಪಡುತ್ತಾರೆ.

ಇನ್ನೊಂದು, ‘ಮಾರ್ಮನ್’ ಅನ್ನುವ ಅಡ್ಡಹೆಸರು ಬೇಡ, ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’ ಎಂಬ ಪೂರ್ತಿ ಹೆಸರು ಬಳಸಿ ಅಂತ ಚರ್ಚು 2018ರಿಂದ ಒತ್ತಿ ಹೇಳುತ್ತಿದೆ. ಮನೆಗಳಿಗೆ ಹೋದಾಗ ಅವರು ಬಳಸುವ ಹೆಸರನ್ನೇ ಬಳಸಿ. ಕ್ಯಾಟಲಾಗ್‌ನಲ್ಲಿ ಎರಡೂ ಇರಲಿ, ಹುಡುಕುವವರು ಹಳೇ ಹೆಸರಲ್ಲೇ ಹುಡುಕುತ್ತಾರೆ.

ಹೊರಡುವ ಮುಂಚೆ ಡೆಸೆರೆಟ್ ಲಿಪಿ ಕಲಿತುಕೊಳ್ಳಿ. 1850ರ ದಶಕದಲ್ಲಿ ಸ್ಮಿತ್ ನಂತರ ಚರ್ಚಿನ ನಾಯಕನಾದ ಬ್ರಿಗಮ್ ಯಂಗ್ ಕಾಲದಲ್ಲಿ ಇಂಗ್ಲಿಷ್ ಬರೆಯಲೆಂದೇ ಮಾಡಿದ 38 ಅಕ್ಷರಗಳು, ಉಚ್ಚರಿಸಿದಂತೆ ಬರೆಯುವ ಪದ್ಧತಿ. ಕೆಲವರು ದಿನಚರಿಯ ಪುಟಗಳನ್ನು ಇದರಲ್ಲಿ ಬರೆದಿದ್ದಾರೆ. ನನ್ನ ಅಮೆರಿಕನ್ ಸಹೋದ್ಯೋಗಿಗಳು ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಒದ್ದಾಡುತ್ತಿದ್ದರು. ಬರೆದಂತೆ ಓದಿ ಅಭ್ಯಾಸವಿರುವ ನನಗೆ ಎರಡು ಸಂಜೆ ಸಾಕಾಯಿತು, ನಿಮಗೂ ಅಷ್ಟೇ ಆದೀತು.