ಪಾದ ಬೆಚ್ಚಗಾದ ಮಾತ್ರಕ್ಕೆ

ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ ನಿಮ್ಮ ತಂದೆಯವರಿಗೆ ಪಾದ ಸದಾ ತಣ್ಣಗಿರುತ್ತದೆ, ಸ್ವಲ್ಪ ನಡೆದರೂ ಮೀನಖಂಡ ಹಿಡಿದುಕೊಳ್ಳುತ್ತದೆ ಎಂದು ಬರೆದಿದ್ದೀರಿ. ಧ್ಯಾನ, ಪ್ರಾಣಾಯಾಮದಿಂದ ರಕ್ತಸಂಚಾರ ಸುಧಾರಿಸೀತೇ, ಮಾತ್ರೆ ಬಿಡಬಹುದೇ ಎಂದು ಕೇಳಿದ್ದೀರಿ. ಮಾತ್ರೆ ಖಂಡಿತ ಬಿಡಬೇಡಿ. ಅಭ್ಯಾಸ ಮಾಡಲಿ, ಆದರೆ ಮೊದಲು ಕಾಲಿನ ತಪಾಸಣೆ ಆಗಲಿ.

ಧ್ಯಾನದ ಪರಿಣಾಮ ಬರೀ ನಂಬಿಕೆಯ ಮಾತಲ್ಲ. ಉದ್ವೇಗದಲ್ಲಿ ಸಿಂಪಥೆಟಿಕ್ ನರಗಳು (ನಾವು ಹೇಳದೆಯೇ ತಾವಾಗಿ ಕೆಲಸ ಮಾಡುವ ನರಗಳು) ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತವೆ, ಅಂಗೈ ಅಂಗಾಲು ತಣ್ಣಗಾಗುತ್ತವೆ. ಉಸಿರು ನಿಧಾನವಾಗಿ ಮೈ ಸಡಿಲಾದರೆ ಆ ಬಿಗಿತ ಇಳಿಯುತ್ತದೆ. ಬಯೋಫೀಡ್‌ಬ್ಯಾಕ್ ಎಂಬ ತರಬೇತಿಯಲ್ಲಿ ಬೆರಳಿಗೆ ಸೆನ್ಸರ್ ಅಂಟಿಸಿ, ಏರಿಳಿಯುವ ಉಷ್ಣಾಂಶ ನೋಡುತ್ತಲೇ ಇದನ್ನು ಕಲಿಸುತ್ತಾರೆ. ವಾಸಿಯಾಗದ ಪಾದದ ಹುಣ್ಣಿದ್ದ 32 ಜನರ ಮೇಲೆ ನಡೆದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆಯ ಜೊತೆಗೆ ಇದನ್ನೂ ಕಲಿತ 16 ಜನರಲ್ಲಿ 14 ಮಂದಿಗೆ ಹುಣ್ಣು ಮಾಯಿತು. ಕಲಿಯದ 16ರಲ್ಲಿ 7 ಮಂದಿಗೆ. ಚಿಕ್ಕ ಅಧ್ಯಯನ, ಆದರೂ ಆಶಾದಾಯಕ. ಇಲ್ಲಿ ಯಾರೂ ಚಿಕಿತ್ಸೆ ಬಿಟ್ಟಿರಲಿಲ್ಲ ಎಂಬುದನ್ನು ಗಮನಿಸಿ.

ನನಗೆ ಆತಂಕವಿರುವುದು ಆ ಮೀನಖಂಡದ ನೋವಿನ ಬಗ್ಗೆ. ನಡೆದಾಗ ಬಂದು ನಿಂತರೆ ಹೋಗುವ ನೋವಾದರೆ, ದೊಡ್ಡ ಅಪಧಮನಿಯಲ್ಲಿ ಕೊಬ್ಬು ಕಟ್ಟಿರುವ ಸಾಧ್ಯತೆ ಹೆಚ್ಚು. ಅದನ್ನು ಯಾವ ಧ್ಯಾನವೂ ಕರಗಿಸದು. ಇನ್ನೊಂದು ತೊಡಕೂ ಇದೆ: ಸಕ್ಕರೆ ಕಾಯಿಲೆ ಆ ಸಿಂಪಥೆಟಿಕ್ ನರಗಳನ್ನೇ ಕೆಡಿಸಬಲ್ಲದು. ಆಗ ಅಂಗಾಂಶಕ್ಕೆ ಸಾಕಷ್ಟು ರಕ್ತ ಸಿಗದಿದ್ದರೂ ಪಾದ ಬೆಚ್ಚಗಿರಬಹುದು. ಹಾಗಾಗಿ ಬರೀ ಬಿಸಿ ನೋಡಿ ಗುಣವಾಯಿತೆಂದು ನಂಬಬೇಡಿ.

ಹಿಮ್ಮಡಿಗಂಟಿನ ಮತ್ತು ತೋಳಿನ ರಕ್ತದೊತ್ತಡ ಹೋಲಿಸುವ ಎಬಿಐ ಪರೀಕ್ಷೆ ಮಾಡಿಸಿ. ಅನುಪಾತ 0.9 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ರಕ್ತನಾಳ ಕಿರಿದಾಗಿದೆ ಎಂದರ್ಥ. 1.4 ದಾಟಿದರೆ ರಕ್ತನಾಳದ ಗೋಡೆ ಗಡುಸಾಗಿ ಲೆಕ್ಕ ತಪ್ಪಿರಬಹುದು. ಆಗ ಕಾಲ್ಬೆರಳಿನ ರಕ್ತದೊತ್ತಡ ಅಳೆಯಬೇಕಾಗುತ್ತದೆ. ರಕ್ತನಾಳ ಕಿರಿದಾಗಿದ್ದರೆ, ವೈದ್ಯರು ಒಪ್ಪಿದ ಮೇಲೆ, ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವ ಅಭ್ಯಾಸವೇ ಧ್ಯಾನಕ್ಕಿಂತ ದೊಡ್ಡ ಮದ್ದು. ಧೂಮಪಾನವಿದ್ದರೆ ಇಂದೇ ನಿಲ್ಲಿಸಲಿ.

ಕಣ್ಣಿನ ರೆಟಿನಾ ಕೆಟ್ಟಿದ್ದರೆ ತಲೆಕೆಳಗಾದ ಆಸನ, ಉಸಿರು ಬಿಗಿಹಿಡಿಯುವ ಕ್ರಮ ಬೇಡ. ಪಾದಕ್ಕೆ ಸ್ಪರ್ಶ ಕಡಿಮೆಯಾಗಿದ್ದರೆ ಬಿಸಿನೀರಿನ ಚೀಲ ಇಡಲೇಬಾರದು, ಸುಟ್ಟರೂ ಗೊತ್ತಾಗುವುದಿಲ್ಲ. ರಾತ್ರಿ ಮಲಗಿದಾಗ ಪಾದ ನೋಯುತ್ತಿದ್ದರೆ, ಹುಣ್ಣು ಕಂಡರೆ, ಬೆರಳು ಕಪ್ಪಾದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಕಾಲು ಇದ್ದಕ್ಕಿದ್ದಂತೆ ಬಿಳಿಚಿ ತಣ್ಣಗಾದರೆ ತಕ್ಷಣ ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ಯಿರಿ.

— ಸಂಪಾದಕ