ನೀಲಗಿರಿ ತಾರ್ ಮೇಕೆಗಿಂತ ಕುರಿಗೆ ಹತ್ತಿರ ಎಂದು ಡಿಎನ್‌ಎಯಿಂದ ಹೇಗೆ ತಿಳಿಯಿತು?

ತಾರ್ ಎಂದರೆ ಕಡಿದಾದ ಬೆಟ್ಟಗಳಲ್ಲಿ ಬದುಕುವ, ಮೇಕೆಯಂಥ ಕಾಡುಪ್ರಾಣಿ. ಗಿಡ್ಡ ಕೊಂಬು, ಗಟ್ಟಿ ಮೈಕಟ್ಟು ನೋಡಿ ಹಿಮಾಲಯ, ಅರೇಬಿಯಾ, ನೀಲಗಿರಿಯ ಮೂರೂ ತಾರ್‌ಗಳನ್ನು ಮೊದಲು ಹೆಮಿಟ್ರಾಗಸ್ ಎಂಬ ಒಂದೇ ಕುಲಕ್ಕೆ ಸೇರಿಸಿದ್ದರು. 2005ರಲ್ಲಿ ವಿಜ್ಞಾನಿಗಳಾದ ಆನ್ ರೋಪಿಕೆ ಮತ್ತು ಅಲೆಕ್ಸಾಂಡ್ರ್ ಹಸಾನಿನ್ ಇವುಗಳ ಜೀನ್‌ಗಳನ್ನು ಹೋಲಿಸಿದಾಗ ಹಿಮಾಲಯದ್ದು ಮೇಕೆಯ ಪಕ್ಕ, ಅರೇಬಿಯಾದ್ದು ಉತ್ತರ ಆಫ್ರಿಕಾದ ಔದಾದ್ ಎಂಬ ಕುರಿಯಂಥ ಕಾಡುಪ್ರಾಣಿಯ ಪಕ್ಕ, ನೀಲಗಿರಿಯದ್ದು ಕುರಿಯ ಪಕ್ಕ ಬಂದವು. ನೀಲಗಿರಿ ತಾರ್‌ಗೆ ನೀಲಗಿರಿಟ್ರಾಗಸ್ ಎಂಬ ಹೊಸ ಕುಲವೇ ಬಂತು. ಕಡಿದಾದ ಬಂಡೆಯ ಬದುಕು ಬೇರೆ ಬೇರೆ ವಂಶಗಳಿಗೂ ಒಂದೇ ಥರದ ಮೈಕಟ್ಟು ಕೊಡಬಲ್ಲದು. ಹಾಗಾಗಿ ಹೊರರೂಪ ನಂಬಿ ನಂಟು ಹೇಳಲಾಗದು.

ಇಂಥ ಕೆಲಸಕ್ಕೆ ಪ್ರಾಣಿಯನ್ನು ಹಿಡಿಯಲೇಬೇಕೆಂದಿಲ್ಲ, ತಾಜಾ ಹಿಕ್ಕೆ ಸಾಕು. ಹಿಕ್ಕೆಯ ಹೊರಪದರಕ್ಕೆ ಕರುಳಿನ ಕೋಶಗಳು ಅಂಟಿರುತ್ತವೆ. ಅದನ್ನು ಎಥನಾಲ್‌ನಲ್ಲಿಟ್ಟು, ಡಿಎನ್‌ಎ ತೆಗೆದು, ಸೈಟೋಕ್ರೋಮ್ ಬಿ ಜೀನ್‌ನ 1,140 ಅಕ್ಷರಗಳನ್ನು ಓದುತ್ತಾರೆ. ಮಳೆ, ಬಿಸಿಲಿಗೆ ಸಿಕ್ಕ ಹಿಕ್ಕೆಯಲ್ಲಿ ಡಿಎನ್‌ಎ ತುಂಡಾಗಿರುತ್ತದೆ. ಆಗ ಚಿಕ್ಕ ಚಿಕ್ಕ ಭಾಗಗಳಾಗಿ ಓದಿ ಜೋಡಿಸಬೇಕು.

ದೊಡ್ಡ ಅಪಾಯ ಇನ್ನೊಂದಿದೆ. ಈ ಜೀನ್ ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಎಂಬ ಭಾಗದ್ದು, ತಾಯಿಯಿಂದ ಮಾತ್ರ ಬರುತ್ತದೆ. ಹಿಂದೆಂದೋ ಎರಡು ಪ್ರಭೇದಗಳು ಬೆರೆತಿದ್ದರೆ ಅದೊಂದೇ ತಪ್ಪು ವಂಶವೃಕ್ಷ ತೋರಿಸಬಹುದು. ಕೋಶಕೇಂದ್ರದ ಹಲವು ಜೀನ್‌ಗಳೂ ಅದೇ ನಂಟು ತೋರಿಸಿದರೆ ಮಾತ್ರ ಒಪ್ಪಬೇಕು.